‘ಥಂಬ್ಸ್’ ಬಗ್ಗೆ, ಗೆಳೆಯನಿಗೊಂದು ಪತ್ರ

ಗೆಳೆಯಾ,

"ಕೊಲ್ತೀನಿ ಅನ್ನೋ ಹಾಡನ್ನ ಅದ್ಹೇಗೆ ಕೇಳ್ತೀಯೋ" ಅಂತ ಬೈದಿದ್ದೀಯಲ್ಲ, ಉತ್ತರ ಇಲ್ಲಿದೆ. ನಿನ್ನ ತಕರಾರು ಅಮೆರಿಕದ ಗಾಯಕಿ ಲೂಸಿ ಡೇಕಸ್ ಹಾಡಿದ ‘ಥಂಬ್ಸ್’ (ಅಂದ್ರೆ ಹೆಬ್ಬೆರಳುಗಳು) ಬಗ್ಗೆ ಅಲ್ವಾ? 2021ರ ‘ಹೋಮ್ ವಿಡಿಯೋ’ ಆಲ್ಬಮ್‌ನದ್ದು. ಈ ಸಲ ಕಥೆಯ ಜಾಡು ಹಿಡಿದು ಕೇಳು.

ಹುಡುಗಿಗೆ 19 ವರ್ಷ. ಐದನೇ ಕ್ಲಾಸಿನಿಂದ ಮುಖ ತೋರಿಸದ ಅಪ್ಪ ಊರಿಗೆ ಬಂದಿದ್ದಾನೆ, ನೋಡಬೇಕಂತೆ. ಬೇಡ ಅನ್ನಲು ಅವಳಿಂದ ಆಗುವುದಿಲ್ಲ. ಗೆಳತಿಯನ್ನು ಜೊತೆಗೆ ಕರೆದುಕೊಂಡು ಬಾರಿಗೆ ಹೋಗುತ್ತಾಳೆ. ನಾವು ಕೇಳುವುದು ಆ ಗೆಳತಿಯ ದನಿ. ಅಪ್ಪ ಏನೂ ಆಗಿಯೇ ಇಲ್ಲವೇನೋ ಎಂಬಂತೆ ಕ್ಷೇಮ ಸಮಾಚಾರ ಕೇಳುತ್ತಾನೆ. ಮಗಳು ನಗುತ್ತಲೇ ಇದ್ದಾಳೆ. ಆದರೆ ಅವಳ ಉಗುರುಗಳು ಗೆಳತಿಯ ಮಂಡಿಗೆ ನಾಟುತ್ತಿವೆ. ಆ ಮನುಷ್ಯ ಹಿಂದೆ ಏನು ಮಾಡಿದ್ದ ಅಂತ ಹಾಡು ಬಿಡಿಸಿ ಹೇಳುವುದಿಲ್ಲ. ಆ ಉಗುರುಗಳೇ ಸಾಕು.

ಸೇಡಿನ ಹಾಡುಗಳೆಂದರೆ ಸಾಮಾನ್ಯವಾಗಿ ಕಿರುಚಾಟ, ಡ್ರಮ್ಸು. ಇಲ್ಲಿ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಮಂದ ಸದ್ದು, ಅದರ ಮೇಲೆ ಒಂದು ತಣ್ಣನೆಯ ದನಿ. ಅಷ್ಟು ಮೆತ್ತಗೆ ಗೆಳತಿ ಹೇಳುತ್ತಾಳೆ: ಕೊಲ್ಲುತ್ತೇನೆ, ನೀನು ಹೂಂ ಅಂದರೆ. ಕಣ್ಣುಗುಡ್ಡೆಗಳ ಮೇಲೆ ಹೆಬ್ಬೆರಳು ಒತ್ತುವುದೆಲ್ಲ ಅವಳ ಕಲ್ಪನೆಯಲ್ಲೇ ಮುಗಿಯುತ್ತದೆ. ನೀನು ‘ಕೊಲ್ತೀನಿ’ ಕೇಳಿಸಿಕೊಂಡೆ, ‘ಹೂಂ ಅಂದರೆ’ ಬಿಟ್ಟೆ. ನೋವು ಮಗಳದು, ಹಾಗಾಗಿ ತೀರ್ಮಾನವೂ ಅವಳದೇ. ನಮ್ಮವರಿಗೆ ಯಾರಾದರೂ ಹಿಂಸೆ ಕೊಟ್ಟರೆ ನಾವು ತೋಳೇರಿಸಿಕೊಂಡು ಜಗಳಕ್ಕೆ ಹೊರಡುತ್ತೇವೆ. ಸುಮ್ನೆ ಕೇಳ್ತೀನಿ, ನೋವು ತಿಂದವರನ್ನು ಒಂದು ಮಾತು ಕೇಳುತ್ತೇವಾ?

ಇದು ಕಾಲೇಜಿನ ಮೊದಲ ವರ್ಷ ಗೆಳತಿಯ ಜೊತೆ ಕಳೆದ ಒಂದು ನಿಜವಾದ ದಿನದ ಕಥೆ ಅಂತ ಡೇಕಸ್ ಹೇಳಿದ್ದಾಳೆ. ಆಲ್ಬಮ್ ಬರುವ ಮೊದಲೇ ಕಾರ್ಯಕ್ರಮಗಳಲ್ಲಿ ಹಾಡುತ್ತಿದ್ದಳು, ರೆಕಾರ್ಡ್ ಮಾಡಬೇಡಿ ಅಂತ ಕೇಳಿಕೊಳ್ಳುತ್ತಿದ್ದಳು. ಹಾಡು ಯಾವಾಗ ಬರುತ್ತೆ ಅಂತ ನೋಡಲು ಅಭಿಮಾನಿಗಳು ಟ್ವಿಟರ್‌ನಲ್ಲಿ ಒಂದು ಖಾತೆಯನ್ನೇ ತೆರೆದಿದ್ದರು!

ಒಂದು ವಿಷಯಕ್ಕೆ ನಿನ್ನ ಮಾತು ಒಪ್ಪುತ್ತೇನೆ. ಆ ಕಣ್ಣಿನ ಸಾಲು ಬಂದಾಗ ಹೊಟ್ಟೆ ತೊಳಸುತ್ತದೆ. ಹಾಡು ಬರೆದಾಗ ತನಗೂ ಒಂಥರಾ ಸಂಕಟವಾಯಿತು ಅಂದಿದ್ದಾಳೆ ಡೇಕಸ್.

ಆದರೆ ಕೊನೆಗೆ ಆ ಗೆಳತಿಯರು ಮಾಡುವುದೇನು ಗೊತ್ತಾ? ಅಪ್ಪ ನೋಡುತ್ತಿದ್ದಾನೆ ಅನಿಸಿ ಒಂದು ಮೈಲಿ ಬೇರೆ ದಿಕ್ಕಿಗೆ ನಡೆಯುತ್ತಾರೆ. ನೀನು ಅವನ ಯಾವ ಋಣದಲ್ಲೂ ಇಲ್ಲ ಅಂತ ಅವಳಿಗೆ ಹೇಳಬೇಕು ಅನಿಸುತ್ತದೆ ಗೆಳತಿಗೆ. ಇದನ್ನು ಹಿಂಸೆಯ ಹಾಡು ಅಂತ ಹೇಗೆ ಕರೆಯಲಿ, ಹೇಳು. ಪುರುಸೊತ್ತಾದಾಗ ಬರಿ, ಜಗಳ ಮುಂದುವರಿಸೋಣ.

ನಿನ್ನ,
ಹಾಡಿನ ಹುಚ್ಚ