ಮಗಳಿಗೊಂದು ಪತ್ರ: ಹಳೇ ಬೋಟು ಕೊಳ್ಳುವ ಮುಂಚೆ

ಮಂಡ್ಯ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಹೋಂಸ್ಟೇಗೆ ಬಂದವರನ್ನು ಕೂರಿಸಲು ಕೊಳ್ಳಬೇಕು ಅಂತ ನೀನು ಕಳಿಸಿದ ಎರಡೂ ಬೋಟುಗಳ ಫೋಟೊ ನೋಡಿದೆವು. ನಿಮ್ಮಮ್ಮನಿಗೆ ಬಿಳಿ ಬೋಟು ಹಿಡಿಸಿತು. ಸೀಟಿಗೆ ಹೊಸ ರೆಕ್ಸಿನ್ ಇದೆ, ನೆಲಕ್ಕೆ ಕಾರ್ಪೆಟ್ ಇದೆ ಅಂತ. ನನ್ನ ಕಣ್ಣು ಮಾತ್ರ ಆ ಗೀರು ಬಿದ್ದ ನೀಲಿ ಬೋಟಿನ ಮೇಲೆ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ‘ಆಯ್ತಪ್ಪ’ ಅನ್ನುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಬಿಳಿ ಬೋಟು ಎರಡು ವರ್ಷದಿಂದ ಶೆಡ್ಡಿನಲ್ಲಿದೆ, ಜಾಸ್ತಿ ಓಡಿಲ್ಲ ಅಂತ ಮಾರುವವರು ಹೊಗಳಿದರಂತೆ. ನನಗೆ ಹೆದರಿಕೆ ಇರುವುದೇ ಅಲ್ಲಿ. ನಮ್ಮ ವರ್ಕ್‌ಶಾಪಿಗೆ ಬರುವ ಪಂಪ್‌ಸೆಟ್ಟುಗಳನ್ನು ನೀನೂ ನೋಡಿದ್ದೀಯ. ಕನ್ನಂಬಾಡಿ 124.80 ಅಡಿ ತುಂಬಿ ನಾಲೆಯಲ್ಲಿ ನೀರು ಬಂದ ವರ್ಷ ಡೀಸೆಲ್ ಎಂಜಿನ್ ಮೂಲೆ ಸೇರುತ್ತದೆ. ಮಳೆ ಕೈಕೊಟ್ಟ ವರ್ಷ ಹೊರಗೆ ತೆಗೆದರೆ ತಿರುಗುವುದೇ ಇಲ್ಲ. ರಿಂಗು ಹಿಡಿದಿರುತ್ತದೆ, ಸೀಲು ಬಿರಿದಿರುತ್ತದೆ, ನಾಝಲ್ ಕಟ್ಟಿರುತ್ತದೆ. ದಿನಾ ಓಡುವ ಎಂಜಿನ್ನಿಗೂ ಕಾಯಿಲೆ ಬರುತ್ತದೆ, ಆದರೆ ಅದು ಓಡಿಸುವವನಿಗೆ ಗೊತ್ತಿರುತ್ತದೆ. ನಿಂತ ಎಂಜಿನ್ನಿನ ಕಾಯಿಲೆ ದುಡ್ಡು ಕೊಟ್ಟಾದ ಮೇಲೆ, ಕೊಂಡವರಿಗೇ ಮೊದಲು ಗೊತ್ತಾಗುವುದು.

ಬೋಟಿನಲ್ಲಿ ಈ ಕಾಟ ಇನ್ನೂ ಜಾಸ್ತಿ. ಔಟ್‌ಬೋರ್ಡ್ ಎಂಜಿನ್ನಿಗೆ, ಅಂದರೆ ಬೋಟಿನ ಹಿಂದೆ ಹೊರಗೆ ತೂಗುಹಾಕುವ ಎಂಜಿನ್ನಿಗೆ, ಕಾರಿನ ಥರ ರೇಡಿಯೇಟರ್ ಇಲ್ಲ. ಹೊಳೆಯ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತದೆ. ನಿಮ್ಮ ಗಂಗೊಳ್ಳಿ ಕಡೆ ಐದು ಹೊಳೆ ಸೇರಿ ಸಮುದ್ರಕ್ಕೆ ಹೋಗುವ ಜಾಗ, ಅಲ್ಲಿ ಉಪ್ಪು ಇಲ್ಲದೆ ಇರುತ್ತದಾ? ಓಡಿಸಿದ ಮೇಲೆ ಪ್ರತಿ ಸಲ ಸಿಹಿನೀರು ಹಾಯಿಸಿ ತೊಳೆಯಬೇಕು. ತೊಳೆಯದೆ ನಿಲ್ಲಿಸಿದರೆ ಉಪ್ಪು ಒಳದಾರಿಯಲ್ಲೇ ಗಟ್ಟಿಯಾಗಿ ಲೋಹ ತಿನ್ನುತ್ತದೆ. ನೀರೆಳೆಯುವ ಇಂಪೆಲ್ಲರ್ ರಬ್ಬರಿನದು. ಸುಮ್ನೆ ನಿಂತರೆ ಅದರ ರೆಕ್ಕೆಗಳು ಬಾಗಿದ ಹಾಗೇ ಬಿರುಸಾಗಿಬಿಡುತ್ತವೆ.

ಪೆಟ್ರೋಲಿನದೂ ಒಂದು ತಲೆನೋವು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಕಬ್ಬಿನಿಂದಲೂ ತೆಗೆಯುವ ಮಾಲು, ಮಂಡ್ಯದವನಾಗಿ ನಾನು ಬೈಯುವ ಹಾಗಿಲ್ಲ. ಆದರೆ ಎಥನಾಲ್ ತೇವ ಹೀರುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನೀರೂ ಅದೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೈಪು ಎಳೆಯುವುದೂ ತಳದಿಂದಲೇ. ಹಳೇ ರಬ್ಬರ್ ಪೈಪುಗಳೂ ಮೆತ್ತಗಾಗುತ್ತವೆ. ಎಷ್ಟೋ ಔಟ್‌ಬೋರ್ಡ್‌ಗಳ ಪುಸ್ತಕದಲ್ಲಿ ಶೇ 10ರ ಮೇಲೆ ಬೇಡ ಅಂತಲೇ ಬರೆದಿರುತ್ತದೆ. ಆ ಪುಸ್ತಕ ಕೇಳಿ ಇಸ್ಕೊಂಡು ಓದು. ಎರಡು ವರ್ಷದ ಹಿಂದೆ ಟ್ಯಾಂಕ್ ಖಾಲಿ ಮಾಡಿ ಇಟ್ಟರಾ, ತುಂಬಿದ್ದೇ ಇಟ್ಟರಾ, ಅದನ್ನೂ ಕೇಳು.

ನೋಡಲು ಹೋಗುವ ಮುಂಚೆ ಫೋನ್ ಮಾಡಿ, ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಬಿಡು. ಹೋದ ತಕ್ಷಣ ಮೇಲಿನ ಮುಚ್ಚಳ ತೆಗೆಸಿ ಕೈಯಿಟ್ಟು ನೋಡು. ಬೆಚ್ಚಗಿದ್ದರೆ ಟೀ ಕುಡಿದು ವಾಪಸ್ ಬಾ, ಇನ್ನೊಂದು ದಿನ ಹೋದರಾಯಿತು. ಅರ್ಧ ಜಾತಕ ಗೊತ್ತಾಗುವುದೇ ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದರಿಂದ. ಸ್ಟಾರ್ಟ್ ಆದ ಮೇಲೆ ಎಂಜಿನ್ನಿನ ಹಿಂದೆ ಸಣ್ಣ ತೂತಿನಿಂದ ನೀರು ಒಂದೇ ಸಮ ಚಿಮ್ಮಬೇಕು. ಬೋಟು ನೆಲದ ಮೇಲಿರುವಾಗ ನೀರು ಕೊಡದೆ ಸ್ಟಾರ್ಟ್ ಮಾಡಿ ತೋರಿಸಲು ಬಂದರೆ ಬೇಡ ಅನ್ನು. ಇಂಪೆಲ್ಲರ್ ನೋಡ್ತಾ ನೋಡ್ತಾನೇ ಸುಟ್ಟು ಹೋಗುತ್ತದೆ.

ಕೆಳಗಿನ ಗೇರ್ ಬಾಕ್ಸಿನ ತಳದ ಸ್ಕ್ರೂ ಸ್ವಲ್ಪ ಸಡಿಲಿಸಿ ಎಣ್ಣೆ ನೋಡಿ. ಬೆಳ್ಳಗೆ ಕದಡಿದ್ದರೆ ಸೀಲು ಹೋಗಿ ನೀರು ನುಗ್ಗಿದೆ. ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದಾಗ ಇಂತಿಷ್ಟು ಪಿಎಸ್‌ಐ ಬರಲೇಬೇಕು ಅಂತ ತಲೆ ಕೆಡಿಸಿಕೊಳ್ಳಬೇಡ. ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಅಷ್ಟೇ.

ಇನ್ನು ಟ್ರಾನ್ಸಮ್. ಎಂಜಿನ್ ತೂಗುಹಾಕಿರುವ ಹಿಂಬದಿಯ ಗೋಡೆ. ಎಷ್ಟೋ ಹಳೇ ಬೋಟುಗಳಲ್ಲಿ ಹೊರಗೆ ಫೈಬರ್, ಒಳಗೆ ಪ್ಲೈವುಡ್. ಬೋಲ್ಟಿನ ತೂತಿನಿಂದ ನೀರು ಇಳಿದು ಪ್ಲೈವುಡ್ ಕೊಳೆತರೂ ಹೊರಗೆ ಬಣ್ಣ ಫಳಫಳ ಅನ್ನುತ್ತಿರುತ್ತದೆ. ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಹಲಸಿನಹಣ್ಣು ತಟ್ಟಿ ನೋಡುವ ಹಾಗೆ ಒಂದು ಮೂಲೆಯಿಂದ ತಟ್ಟುತ್ತಾ ಬಾ. ಬೋಲ್ಟಿನ ಸುತ್ತ ನಿಧಾನಕ್ಕೆ ತಟ್ಟು. ಎಲ್ಲ ಕಡೆ ‘ಟಕ್ ಟಕ್’ ಅನ್ನಬೇಕು. ಹಲಸಿನಲ್ಲಿ ನಾವು ಹುಡುಕುವ ‘ದಬ್ ದಬ್’ ಇಲ್ಲಿ ಕೇಳಿಸಲೇಬಾರದು. ಆಮೇಲೆ ಎಂಜಿನ್ ಅರ್ಧ ಎತ್ತಿಸಿ, ಅಳಿಯಂದಿರಿಗೆ ಅದರ ಕಾಲಿನ ಮೇಲೆ, ಅಂದರೆ ನೀರಿಗಿಳಿಯುವ ಉದ್ದ ಭಾಗದ ಮೇಲೆ, ಭಾರ ಹಾಕಿ ಒತ್ತಲು ಹೇಳು. ನೀನು ಒಳಗೆ ಕೂತು ಗೋಡೆಯನ್ನೇ ನೋಡುತ್ತಿರು. ಗೋಡೆ ಮಿಸುಕಿದರೆ ಆ ಬೋಟಿನ ಆಸೆ ಬಿಡು. ಎಂಜಿನ್ ಇಳಿಸಿ, ಫೈಬರ್ ಕತ್ತರಿಸಿ, ಹಲಗೆ ಬದಲಿಸುವ ಕೆಲಸ ನಮ್ಮ ಕೈಗೆ ಎಟುಕುವುದಲ್ಲ. ಬಿಳಿ ಬೋಟಿನ ಕಾರ್ಪೆಟ್ಟನ್ನೂ ಎತ್ತಿಸಿ ಬರಿಗಾಲಲ್ಲಿ ಓಡಾಡು. ಕಾಲು ಒಂದಿಷ್ಟು ಇಳಿದ ಹಾಗಾದರೂ ಆ ಕಾರ್ಪೆಟ್ ಯಾಕೆ ಬಂತು ಅಂತ ತಿಳಿಯುತ್ತದೆ.

ಓಡುತ್ತಲೇ ಇರುವ ಬೋಟು ಅಂತ ನೀಲಿಯದನ್ನೂ ನಾನು ಕಣ್ಣು ಮುಚ್ಚಿ ನಂಬು ಅನ್ನುತ್ತಿಲ್ಲ. ನಿಮ್ಮ ಕಡೆ ಎಷ್ಟೋ ನಾಡದೋಣಿಗಳ ಎಂಜಿನ್ ಸೀಮೆಎಣ್ಣೆಯಲ್ಲಿ ಓಡುತ್ತವೆ. ಇದೂ ಹಾಗೆ ಓಡಿದ್ದಾ ಅಂತ ವಿಚಾರಿಸು. ಸ್ಪಾರ್ಕ್ ಪ್ಲಗ್ಗಿನಲ್ಲಿ ಮಸಿ ಜಾಸ್ತಿ ಇದ್ದರೆ ಮತ್ತೊಮ್ಮೆ ಕೇಳು. ಸರ್ವೀಸಿನ ಬಿಲ್ಲುಗಳಿದ್ದರೆ ಗೀರುಗಳಿಗೆಲ್ಲ ನಾನು ಬೆಲೆ ಕೊಡುವುದಿಲ್ಲ.

ನಾಲ್ಕು ಜನ ಕೂತು ಒಂದು ಸುತ್ತು ಹೋಗಿ. ಫುಲ್ ಥ್ರಾಟಲ್‌ನಲ್ಲಿ ಪುಸ್ತಕದಲ್ಲಿರುವಷ್ಟು ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಮುಟ್ಟಬೇಕು. ಮುಟ್ಟದಿದ್ದರೆ ಪ್ರೊಪೆಲ್ಲರ್ ಸರಿಯಿಲ್ಲ ಅಥವಾ ಎಂಜಿನ್ ಸೊರಗಿದೆ. ಹೊಳೆಯೊಳಗೇ ಇರಿ, ಅಳಿವೆ ಕಡೆ ಹೋಗಬೇಡಿ. ಮಳೆಗಾಲಕ್ಕೆ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆ ಬೋಟುಗಳೆಲ್ಲ ದಡದಲ್ಲಿರುತ್ತವೆ. ಆಗ ತಳ ನೋಡಲು ಅನುಕೂಲ, ಮಾರುವವರೂ ಸ್ವಲ್ಪ ಬಗ್ಗುತ್ತಾರೆ. ಆದರೆ ನೀರಿನಲ್ಲಿ ಓಡಿಸಿ ನೋಡದ ಬೋಟಿಗೆ ಅಡ್ವಾನ್ಸ್ ಕೊಡಬೇಡ.

ಕಾಗದಪತ್ರ ಬೋಟಿನಷ್ಟೇ ಮುಖ್ಯ. ಒಳನಾಡು ಹಡಗುಗಳ ಕಾಯ್ದೆ 2021ರಲ್ಲಿ ಬಂದ ಮೇಲೆ ಎಂಜಿನ್ ಹಾಕಿದ ಬೋಟಿಗೆ ನೋಂದಣಿ, ಸರ್ವೆ ಪ್ರಮಾಣಪತ್ರ, ವಿಮೆ ಎಲ್ಲ ನೋಡುತ್ತಾರೆ. ಹೋಂಸ್ಟೇಗೆ ಬಂದವರನ್ನು ಕೂರಿಸುತ್ತೀಯ ಅಂದಮೇಲೆ ಇದರಲ್ಲಿ ಸಡಿಲ ಬಿಡುವ ಹಾಗೇ ಇಲ್ಲ. ತಲೆಗೊಂದು ಲೈಫ್ ಜಾಕೆಟ್ ಲೆಕ್ಕವನ್ನೂ ಬೋಟಿನ ಬೆಲೆಗೇ ಸೇರಿಸಿಕೋ.

ನೀಲಿ ಬೋಟಿನ ಎಂಜಿನ್ ನಂಬರ್ ಪ್ಲೇಟಿನ ಫೋಟೊ ತೆಗೆದು ಕಳಿಸು. ಕಾಗದದಲ್ಲಿರುವ ನಂಬರಿಗೆ ತಾಳೆಯಾಗುತ್ತದಾ ಅಂತಲೂ ನೋಡು. ಪ್ಲಗ್ಗಿನ ಸೈಜು ಗೊತ್ತಾದರೆ ಗೇಜಿಗೆ ಬೇಕಾದ ಅಡಾಪ್ಟರ್ ಇಲ್ಲೇ ತಗೊಂಡು, ನಾನೇ ಬಸ್ಸಿಗೆ ಬರುತ್ತೇನೆ.

ಇತಿ,
ಅಪ್ಪ