ಶೆಟ್‌ಲ್ಯಾಂಡ್ ಪ್ರವಾಸ ಇನ್ನು ಮುಂದೆ ಆಗಸ್ಟ್‌ನಲ್ಲಿ ಇರುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ, ನಮಸ್ಕಾರ.

ಸ್ಕಾಟ್‌ಲ್ಯಾಂಡಿನ ಉತ್ತರಕ್ಕಿರುವ ದ್ವೀಪಸಮೂಹಗಳಾದ ಆರ್ಕ್ನಿ ಮತ್ತು ಶೆಟ್‌ಲ್ಯಾಂಡ್ ಎರಡನ್ನೂ ಒಂದೇ ವಾರದಲ್ಲಿ ಸುತ್ತಿಸುತ್ತಿದ್ದ ನಮ್ಮ ಆಗಸ್ಟ್ ಪ್ರವಾಸವನ್ನು ಮುಂದಿನ ವರ್ಷದಿಂದ ಎರಡು ಮಾಡುತ್ತಿದ್ದೇವೆ. ಹಕ್ಕಿ ನೋಡುವ ಆಸೆ ಇರುವವರನ್ನು ಮೇ ಕೊನೆಯ ವಾರ ಇಲ್ಲವೇ ಜೂನ್ ಕೊನೆಯ ವಾರ ಶೆಟ್‌ಲ್ಯಾಂಡಿಗೆ ಕರೆದೊಯ್ಯುತ್ತೇವೆ. ಹಳೆಯ ಕಲ್ಲುಕಟ್ಟಡ, ಚರಿತ್ರೆ ಮುಖ್ಯ ಎನ್ನುವವರಿಗೆ ಆಗಸ್ಟ್‌ನಲ್ಲಿ ಆರ್ಕ್ನಿ ಪ್ರವಾಸ ಇದ್ದೇ ಇರುತ್ತದೆ. ಈಗಾಗಲೇ ಮುಂಗಡ ಕೊಟ್ಟವರು ಏನು ಮಾಡಬೇಕು ಎಂಬುದನ್ನು ಪತ್ರದ ಕೊನೆಯಲ್ಲಿ ಬರೆದಿದ್ದೇವೆ. ಅದಕ್ಕೆ ಮೊದಲು ಕಾರಣ ಹೇಳಬೇಕು.

ಆಗಸ್ಟ್ ತಿಂಗಳನ್ನು ಇಟ್ಟುಕೊಂಡದ್ದು ಶಾಲೆಯ ರಜೆಗಾಗಿ. ನಮ್ಮ ಜೊತೆ ಬರುವವರಲ್ಲಿ ಹೆಚ್ಚಿನವರು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬದವರು, ಮಕ್ಕಳ ಶಾಲೆ ಮುಚ್ಚುವುದೇ ಜುಲೈ ಕೊನೆಗೆ. ಹಕ್ಕಿಗಳ ಲೆಕ್ಕ ಬೇರೆ. ಗಿಲೆಮಾಟ್ ಎಂಬ ಕಡಲಹಕ್ಕಿಯ ಮರಿ ಹುಟ್ಟಿ ಮೂರು ವಾರವಾಗುತ್ತಲೇ, ಇನ್ನೂ ಹಾರಲು ಬಾರದಿದ್ದರೂ, ಕಡಿದಾದ ಬಂಡೆಯ ಅಂಚಿನಿಂದ ಕಡಲಿಗೆ ಧುಮುಕುತ್ತದೆ. ನೀರಿನಲ್ಲಿ ಅದರ ಹೊಣೆ ಅಪ್ಪನದು. ಹಾಗಾಗಿ ಜುಲೈ ಮುಗಿಯುವ ಹೊತ್ತಿಗೆ, ಜೂನ್‌ನಲ್ಲಿ ಕಾಲಿಡಲೂ ಜಾಗವಿಲ್ಲದಂತೆ ತುಂಬಿದ್ದ ಬಂಡೆಗಳಲ್ಲಿ ಹಿಕ್ಕೆಯ ಬಿಳಿ ಕಲೆ ಮಾತ್ರ ಉಳಿದಿರುತ್ತದೆ. ಪಫಿನ್‌ಗಳೂ ಆಗಸ್ಟ್ ಮೊದಲ ಭಾಗದಲ್ಲೇ ಹೊರಟುಬಿಡುತ್ತವೆ, ಮುಂದಿನ ವಸಂತದವರೆಗೆ ಅವುಗಳ ವಾಸ ಕಡಲಿನ ಮೇಲೆಯೇ. ಈ ತಿಂಗಳಲ್ಲಿ ಹಕ್ಕಿ ನೋಡಲೆಂದು ಅಲ್ಲಿಗೆ ಹೋಗುವುದು, ಮಳೆಗಾಲದ ನಡುವೆ ಕೊಕ್ಕರೆಬೆಳ್ಳೂರಿಗೆ ಹೋಗಿ ಹುಣಸೆಮರದಲ್ಲಿ ಹೆಜ್ಜಾರ್ಲೆ ಹುಡುಕಿದ ಹಾಗೆ.

ಮೌಸಾ ದ್ವೀಪದ ರಾತ್ರಿ ದೋಣಿಯದೂ ಇದೇ ಕಥೆ. ಅದು ಓಡುವುದು ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಮಾತ್ರ. ನಮ್ಮನ್ನು ಕೇಳಿದರೆ, ಇಡೀ ಶೆಟ್‌ಲ್ಯಾಂಡಿನಲ್ಲಿ ಇದೊಂದನ್ನು ನೋಡಿ ಬಂದರೂ ಸಾಕು. ಮೌಸಾದಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಒಂದು ಬ್ರಾಕ್ ಇದೆ. ಬ್ರಾಕ್ ಎಂದರೆ ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ದುಂಡನೆಯ ಗೋಪುರ. ಸ್ಕಾಟ್‌ಲ್ಯಾಂಡಿನ ಬ್ರಾಕ್‌ಗಳಲ್ಲಿ ಹೆಚ್ಚಿನವು ಕುಸಿದು ದಿಬ್ಬಗಳಾಗಿವೆ, ಮೌಸಾದ್ದು 13 ಮೀಟರ್ ಎತ್ತರಕ್ಕೆ ಇಂದಿಗೂ ನಿಂತಿದೆ. ಒಳಗೊಂದು ಹೊರಗೊಂದು ಗೋಡೆ, ಅವುಗಳ ನಡುವೆ ಸುತ್ತಿಕೊಂಡು ಮೇಲೇರುವ ಮೆಟ್ಟಿಲು. ನಾರ್ವೆಯಿಂದ ಓಡಿ ಬಂದ ಪ್ರೇಮಿಗಳಿಬ್ಬರು ಹಡಗು ಒಡೆದು ಇಲ್ಲಿ ಆಶ್ರಯ ಪಡೆದ ಕಥೆ ಐಸ್‌ಲ್ಯಾಂಡಿನ ಹಳೆಯ ಕಥನದಲ್ಲಿ ಬರುತ್ತದೆ.

ಈ ಗೋಡೆಯ ಸಂದುಗಳಲ್ಲೂ ದಡದ ಕಲ್ಲುರಾಶಿಯಲ್ಲೂ ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಕಡಲಹಕ್ಕಿ ಸಾವಿರಗಟ್ಟಲೆ ಗೂಡು ಮಾಡುತ್ತದೆ. ತೂಕ ಹೆಚ್ಚೆಂದರೆ 30 ಗ್ರಾಂ, ಮೈ ಕಪ್ಪು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಚಳಿಗಾಲ ಕಳೆಯುವುದು ಆಫ್ರಿಕಾದ ದಕ್ಷಿಣ ತುದಿಯ ಕಡಲಿನಲ್ಲಿ. ನೆಲದ ಮೇಲೆ ಇದಕ್ಕೆ ಸರಿಯಾಗಿ ನಡೆಯಲು ಬರುವುದಿಲ್ಲ. ಹಗಲಲ್ಲಿ ಬಂದರೆ ಕಡಲಕಾಗೆ, ಸ್ಕುವಾ ಎಂಬ ದೊಡ್ಡ ಕಡಲಹಕ್ಕಿಗಳ ಬಾಯಿಗೆ ತುತ್ತು. ಅದಕ್ಕೇ ಇರುಳಾದ ಮೇಲೆಯೇ ಗೂಡಿಗೆ ಬರುವುದು. ಜೂನ್ ಕೊನೆಯಲ್ಲಿ ಅಲ್ಲಿ ಹಗಲೇ ಸುಮಾರು 19 ಗಂಟೆ, ರಾತ್ರಿಯೆಂದರೆ ಒಂದಿಷ್ಟು ಮಬ್ಬು. ಆ ಮಬ್ಬಿನಲ್ಲಿ ಗೋಡೆಗೆ ಕಿವಿಗೊಟ್ಟರೆ ಒಳಗಿಂದ ಗುರುಗುರು ಸದ್ದು, ನಡುನಡುವೆ ಬಿಕ್ಕಳಿಕೆ. ಕಲ್ಲಿನಿಂದ ಎಣ್ಣೆಯ ಘಾಟು ಬರುತ್ತದೆ. ಹೊರಗಿಂದ ಬಂದ ಜೊತೆಗಾರ ಬಾವಲಿಯಂತೆ ತಲೆಯ ಸುತ್ತ ಗಿರಕಿ ಹೊಡೆದು ಸರಕ್ಕನೆ ಸಂದಿಗೆ ನುಗ್ಗುತ್ತದೆ. ಕ್ಯಾಮೆರಾದ ಫ್ಲಾಷ್ ಬೇಡವೇ ಬೇಡ, ಟಾರ್ಚ್ ಬೆಳಕು ಕಾಲಬುಡದ ದಾರಿಗೆ ಮಾತ್ರ. ವಾಪಸಾಗುವಾಗ ಮಧ್ಯರಾತ್ರಿ ದಾಟಿರುತ್ತದೆ, ಆದ್ದರಿಂದ ತೀರಾ ಚಿಕ್ಕ ಮಕ್ಕಳನ್ನು ಈ ಒಂದು ದಿನ ವಸತಿಯಲ್ಲೇ ಉಳಿಸುವುದು ಒಳ್ಳೆಯದು. ನಮ್ಮವರೊಬ್ಬರು ಅವರ ಜೊತೆಗಿರುತ್ತಾರೆ.

ಇನ್ನೊಂದು ಬದಲಾವಣೆ ತಂಡದ ಗಾತ್ರದ್ದು. ಹದಿನಾಲ್ಕು ಜನರ ಬದಲು ಇನ್ನು ಎಂಟೇ ಜನ. ಹಕ್ಕಿಜ್ವರ ಈ ದ್ವೀಪಗಳನ್ನು ಹೇಗೆ ಕಾಡಿತೆಂದು ನಿಮ್ಮಲ್ಲಿ ಹಲವರು ಕೇಳಿರಬಹುದು. 2022ರ ಬೇಸಿಗೆಯಲ್ಲಿ ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಗಳೂ ಗ್ರೇಟ್ ಸ್ಕುವಾಗಳೂ ರಾಶಿರಾಶಿ ಸತ್ತವು, ನಾಸ್ ದ್ವೀಪಕ್ಕೆ ಜನ ಇಳಿಯುವುದನ್ನೇ ನಿಲ್ಲಿಸಬೇಕಾಯಿತು. ಮರುವರ್ಷದ ಗಣತಿಯ ಪ್ರಕಾರ ಬ್ರಿಟನ್ನಿನ ಗ್ರೇಟ್ ಸ್ಕುವಾಗಳು ಶೇಕಡಾ 76ರಷ್ಟು, ಗ್ಯಾನೆಟ್‌ಗಳು ಶೇಕಡಾ 25ರಷ್ಟು ಕಡಿಮೆಯಾಗಿದ್ದವು. ಜಗತ್ತಿನ ಗ್ರೇಟ್ ಸ್ಕುವಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮರಿ ಮಾಡುವುದು ಸ್ಕಾಟ್‌ಲ್ಯಾಂಡಿನಲ್ಲೇ ಆದ್ದರಿಂದ ಈ ನಷ್ಟ ಸಣ್ಣದಲ್ಲ. ರೋಗದಿಂದ ಬದುಕುಳಿದ ಕೆಲವು ಗ್ಯಾನೆಟ್‌ಗಳ ತಿಳಿನೀಲಿ ಕಣ್ಣು ಕಪ್ಪಗಾಗಿದೆ. ನಾಸ್‌ನ ಬಂಡೆಗಳ ಕಡೆ ದುರ್ಬೀನು ಹಿಡಿದಾಗ ಇದನ್ನು ಗಮನಿಸಿ ನೋಡಿ. ಇಷ್ಟೆಲ್ಲ ಅನುಭವಿಸಿದ ಹಕ್ಕಿಗಳ ಗೂಡಿನ ಪಕ್ಕ ದೊಡ್ಡ ಗುಂಪು ಕಟ್ಟಿಕೊಂಡು ಹೋಗಲು ನಮಗೆ ಮನಸ್ಸಿಲ್ಲ. ಹರ್ಮನೆಸ್ ಪಕ್ಷಿಧಾಮದಲ್ಲಿ ಹಲಗೆದಾರಿ ಬಿಟ್ಟು ಕೆಳಗಿಳಿಯುವಂತಿಲ್ಲ, ಸತ್ತ ಹಕ್ಕಿಯನ್ನು ಮುಟ್ಟುವಂತಿಲ್ಲ, ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟು ತೊಳೆಯಲೇಬೇಕು.

ಮೇ ಒಳ್ಳೆಯದೋ ಜೂನೋ ಎಂದು ಕೇಳುವವರಿಗೆ: ಎರಡರಲ್ಲಿ ಜೂನ್ ಮೇಲು. ಶೆಟ್‌ಲ್ಯಾಂಡಿನ ದಕ್ಷಿಣ ತುದಿಯಲ್ಲಿರುವ ಸಂಬರಾ ಹೆಡ್‌ನ ದೀಪಸ್ತಂಭದ ಗೋಡೆ ಪಕ್ಕ ಸುಮ್ಮನೆ ನಿಂತರೆ, ಕೊಕ್ಕಿನಲ್ಲಿ ಐದಾರು ಸ್ಯಾಂಡ್‌ಈಲ್ ಮೀನನ್ನು ಅಡ್ಡಡ್ಡ ಕಚ್ಚಿಕೊಂಡ ಪಫಿನ್ ಕೆಲವೇ ಹೆಜ್ಜೆ ದೂರದಲ್ಲಿ ಇಳಿದು, ಅತ್ತಿತ್ತ ನೋಡಿ, ಬಿಲಕ್ಕೆ ನುಗ್ಗುವುದನ್ನು ಕಾಣಬಹುದು. ಮೇ ತಿಂಗಳಲ್ಲಿ ಪಫಿನ್ ಇರುತ್ತವೆ, ಮೀನು ಹೊತ್ತು ತರುವ ಸಂಭ್ರಮ ಇರುವುದಿಲ್ಲ, ಏಕೆಂದರೆ ಅದು ಕಾವಿನ ಕಾಲ. ಈ ಬೆರಳುದ್ದದ ಮೀನಿನ ಮೇಲೆಯೇ ಅಲ್ಲಿನ ಬಹುಪಾಲು ಕಡಲಹಕ್ಕಿಗಳ ಸಂಸಾರ ನಡೆಯುತ್ತದೆ. 2024ರಲ್ಲಿ ಸ್ಕಾಟ್‌ಲ್ಯಾಂಡಿನ ಕಡಲಿನಲ್ಲಿ ಅದನ್ನು ಹಿಡಿಯುವುದನ್ನು ನಿಲ್ಲಿಸಿದ್ದು ನಮಗೆ ತುಂಬಾ ಸಂತೋಷ ಕೊಟ್ಟ ಸುದ್ದಿ. ನಮ್ಮ ಕಾವೇರಿಯ ನದಿ ರೀವದ ಬಳಗಕ್ಕೇ ಸೇರಿದ ಆರ್ಕ್ಟಿಕ್ ಟರ್ನ್ ಕೂಡ ಮರಿಗೆ ಇದನ್ನೇ ಉಣಿಸುತ್ತದೆ. ಇಷ್ಟಿದ್ದರೂ ಮೇ ಪ್ರವಾಸವನ್ನು ಇಟ್ಟಿರುವುದು ಇಂಗ್ಲೆಂಡಿನ ಶಾಲೆಗಳ ಹಾಫ್ ಟರ್ಮ್ ರಜೆ ಆಗ ಬರುತ್ತದೆ ಎಂದು. ಸ್ಕಾಟ್‌ಲ್ಯಾಂಡಿನಲ್ಲಿರುವವರ ಮಕ್ಕಳಿಗೆ ಜೂನ್ ಕೊನೆಗೇ ಬೇಸಿಗೆ ರಜೆ ಶುರುವಾಗುವುದರಿಂದ ಅವರಿಗೆ ಎರಡನೆಯದು ಸರಿಹೊಂದೀತು.

ಶೆಟ್‌ಲ್ಯಾಂಡ್ ಪ್ರವಾಸದಲ್ಲಿ ಚರಿತ್ರೆ ಇಲ್ಲವೆಂದು ತಿಳಿಯಬೇಡಿ. ಸಂಬರಾದ ಪಕ್ಕದಲ್ಲೇ ಯಾರ್ಲ್ಸ್‌ಹಾಫ್ ಇದೆ. 19ನೇ ಶತಮಾನದ ಕೊನೆಯಲ್ಲಿ ಬಿರುಗಾಳಿ ದಡವನ್ನು ಕೊರೆದಾಗ ಹೊರಬಿದ್ದ ಜಾಗವಿದು. ಕಂಚಿನ ಯುಗದ ಮನೆ, ಕಬ್ಬಿಣ ಯುಗದ ಬ್ರಾಕ್, ವೈಕಿಂಗರ ಉದ್ದನೆಯ ಮನೆಗಳು, 1600ರ ಸುಮಾರಿನ ಜಮೀನ್ದಾರನ ಬಂಗಲೆ, ಎಲ್ಲವೂ ಒಂದೇ ಆವರಣದಲ್ಲಿ. ಈ ದ್ವೀಪಗಳು ಸ್ಕಾಟ್‌ಲ್ಯಾಂಡಿಗೆ ಸೇರಿದ ಬಗೆಯೂ ವಿಚಿತ್ರ. ಡೆನ್ಮಾರ್ಕ್ ಮತ್ತು ನಾರ್ವೆಯ ದೊರೆ ಒಂದನೇ ಕ್ರಿಶ್ಚಿಯನ್, ಸ್ಕಾಟ್‌ಲ್ಯಾಂಡಿನ ದೊರೆಗೆ ಕೊಟ್ಟ ತನ್ನ ಮಗಳ ವರದಕ್ಷಿಣೆ ಹೊಂದಿಸಲಾಗದೆ 1468ರಲ್ಲಿ ಆರ್ಕ್ನಿಯನ್ನೂ 1469ರಲ್ಲಿ ಶೆಟ್‌ಲ್ಯಾಂಡನ್ನೂ ಅಡ ಇಟ್ಟ. ಬಿಡಿಸಿಕೊಳ್ಳಲಿಲ್ಲ.

ಆರ್ಕ್ನಿಯನ್ನು ಬೇರೆ ಮಾಡಿದ್ದಕ್ಕೆ ಕೆಲವರಿಗೆ ಬೇಸರವಾಗಬಹುದು. ಐದು ಸಾವಿರ ವರ್ಷ ಹಳೆಯ ಸ್ಕಾರಾ ಬ್ರೇಯ ಕಲ್ಲಿನ ಮನೆಗಳು, ಮೇಸ್‌ಹೌ ಸಮಾಧಿಯೊಳಗೆ ವೈಕಿಂಗರು ಗೀಚಿದ ಬರಹ, 1137ರಲ್ಲಿ ಕಟ್ಟಲು ಶುರು ಮಾಡಿದ ಸೇಂಟ್ ಮ್ಯಾಗ್ನಸ್ ಚರ್ಚು ಯಾವ ತಿಂಗಳಲ್ಲಿ ಹೋದರೂ ಅಲ್ಲೇ ಇರುತ್ತವೆ. ಮೊದಲು ಇವನ್ನೆಲ್ಲ ಎರಡು ದಿನದಲ್ಲಿ ಮುಗಿಸಬೇಕಿತ್ತು, ಇನ್ನು ಐದು ದಿನ ಸಿಗುತ್ತದೆ.

ದರದ ವಿಷಯ. ತಂಡ ಚಿಕ್ಕದಾದ್ದರಿಂದ ಶೆಟ್‌ಲ್ಯಾಂಡ್ ಪ್ರವಾಸಕ್ಕೆ ಒಬ್ಬರಿಗೆ 95 ಪೌಂಡ್ ಹೆಚ್ಚಾಗುತ್ತದೆ, ಮೌಸಾ ದೋಣಿಯ ಟಿಕೆಟ್ ಅದರಲ್ಲೇ ಸೇರಿದೆ. ಅಬರ್ಡೀನ್‌ನಿಂದ ಸಂಜೆ ಹೊರಟು ಬೆಳಿಗ್ಗೆ ಶೆಟ್‌ಲ್ಯಾಂಡಿನ ಮುಖ್ಯ ಊರಾದ ಲರ್ವಿಕ್ ಮುಟ್ಟುವ ಹಡಗಿನಲ್ಲೇ ಪ್ರಯಾಣ. ಕ್ಯಾಬಿನ್‌ಗಳು ಬೇಗ ಭರ್ತಿಯಾಗುತ್ತವೆ. ಕಡಲು ಕೆಲವೊಮ್ಮೆ ಜೋರಾಗಿ ಕುಲುಕಿಸುವುದರಿಂದ ವಾಂತಿಯ ಮಾತ್ರೆ ಜೊತೆಗಿರಲಿ. ಅಲೆ ಹೆಚ್ಚಿದ್ದ ದಿನ ಮೌಸಾ, ನಾಸ್ ದೋಣಿಗಳು ಹೊರಡುವುದಿಲ್ಲ, ಅದಕ್ಕೆಂದೇ ಒಂದು ದಿನವನ್ನು ಖಾಲಿ ಬಿಟ್ಟಿದ್ದೇವೆ. ವಸತಿಯಲ್ಲಿ ಅಡುಗೆಮನೆ ಇದೆ, ರಾತ್ರಿ ಬಿಸಿ ಅನ್ನ ಸಾರಿಗೆ ತೊಂದರೆಯಿಲ್ಲ. ಬೆಂಗಳೂರು, ಮೈಸೂರಿನಿಂದ ಬರುವವರಿಗೆ ಬ್ರಿಟನ್ನಿನ ವೀಸಾ ಸಾಕು.

ಆಗಸ್ಟ್ ಪ್ರವಾಸಕ್ಕೆ ಮುಂಗಡ ಕೊಟ್ಟವರು ಮೇ, ಜೂನ್ ಅಥವಾ ಆಗಸ್ಟ್‌ನ ಆರ್ಕ್ನಿ, ಈ ಮೂರರಲ್ಲಿ ಯಾವುದು ಬೇಕೆಂದು ಈ ತಿಂಗಳ ಕೊನೆಯೊಳಗೆ ತಿಳಿಸಿ. ನಿಮಗೆ ಮಾತ್ರ ಹಳೆಯ ದರವೇ ಅನ್ವಯಿಸುತ್ತದೆ. ಯಾವುದೂ ಹೊಂದದಿದ್ದರೆ ಒಂದು ಸಾಲು ಬರೆದರೆ ಸಾಕು, ಪೂರ್ತಿ ಹಣವನ್ನು ಏನೂ ಕಡಿತವಿಲ್ಲದೆ ಹತ್ತು ದಿನದೊಳಗೆ ನಿಮ್ಮ ಖಾತೆಗೆ ಹಾಕುತ್ತೇವೆ.

ವಿಶ್ವಾಸದಿಂದ,
ಪ್ರವಾಸ ತಂಡದ ಪರವಾಗಿ