ಜೆಸಿಬಿ ಇಳಿಸುವ ಮೊದಲು ಒಮ್ಮೆ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಕಾಸರಗೋಡಿನಲ್ಲಿ ರಸ್ತೆಗೆ, ಕಟ್ಟಡಕ್ಕೆ ಅಂತ ನೆಲ ಅಗೆಯುವ ಮೊದಲು ಅಡಿಯಲ್ಲಿ ಹಳೇ ಕಾಲದ್ದು ಏನಾದ್ರೂ ಉಂಟಾ ಅಂತ ಪರೀಕ್ಷೆ ಮಾಡುವ ಕ್ರಮ ಬೇಕೇ ಬೇಕು.

ಗ್ರೀಸ್ ದೇಶದ ಥೆಸಲೊನಿಕಿ ಮೆಟ್ರೋ ವರದಿ ಓದಿದ ಮೇಲೆ ಇದನ್ನ ಬರೀಲೇಬೇಕು ಅನ್ನಿಸ್ತು. 2006ರಲ್ಲಿ ಕೆಲಸ ಶುರು ಮಾಡಿದ್ರು, ಅಗೆದ ಹಾಗೆ ಈಗಿನ ಪೇಟೆಯ ಅಡಿಯಲ್ಲಿ ಹಳೇ ಪೇಟೆಯೇ ಎದ್ದು ಬಂತು, ಅಮೃತಶಿಲೆ ಹಾಸಿದ ರೋಮನ್ ಕಾಲದ ಬೀದಿ, ಮತ್ತೆ 3 ಲಕ್ಷಕ್ಕೂ ಹೆಚ್ಚು ವಸ್ತುಗಳು. ಅಲ್ಲಿನ ಜನ ಸುಮ್ಮನೆ ಕೂರಲಿಲ್ಲ, ಅದನ್ನ ಅಲ್ಲೇ ಉಳಿಸಿ ಅಂತ ಗಲಾಟೆ ಮಾಡಿದ್ರು. ಕೊನೆಗೆ ಆ ಕಲ್ಲುಗಳನ್ನ ಎತ್ತಿಟ್ಟು, ಸ್ಟೇಷನ್ ಕಟ್ಟಿ, ವಾಪಸ್ ಅಲ್ಲೇ ಕೂರಿಸಿದ್ರು. ರೈಲು ಓಡಿದ್ದು 2024ರ ನವೆಂಬರಿನಲ್ಲಿ. ತಡ ಆಯ್ತು ನಿಜ, ಆದ್ರೆ ಟಿಕೆಟ್ ತಗೊಂಡು ಹೋಗುವವರಿಗೆಲ್ಲ ಆ ಬೀದಿ ಕಾಣ್ತದೆ, ನನಗೆ ಅದು ದೊಡ್ಡ ವಿಷಯ.

ನಮ್ಮ ನೆಲವೂ ಬರಿದಲ್ಲ. ಮುರಕಲ್ಲು ಕೊರೆದು ಮಾಡಿದ ಬೃಹತ್ ಶಿಲಾಯುಗದ ಗುಹೆಗಳು (ಸತ್ತವರಿಗಾಗಿ ಮಡಕೆ ಇಟ್ಟು ಮಾಡ್ತಿದ್ದ ಹಳೇ ಕಾಲದ ಸಮಾಧಿಗಳು) ಈ ಜಿಲ್ಲೆಯಲ್ಲಿ ಹಲವು ಕಡೆ ಸಿಕ್ಕಿವೆ, ಬೇಕಲ ಕೋಟೆಯೊಳಗೆ ಉತ್ಖನನ ಮಾಡಿದಾಗ ಹಳೇ ಕಟ್ಟಡಗಳ ಅವಶೇಷ ಬಂದಿದೆ. ಆದ್ರೆ ಜೆಸಿಬಿಯ ಒಂದು ಏಟಿಗೆ ಗುಹೆಯ ಮಾಡು ಕುಸಿದ್ರೆ ಒಳಗಿನ ಮಡಕೆ ಎಲ್ಲ ಪುಡಿ, ಆಮೇಲೆ ಯಾರು ಬಂದು ಏನು ಮಾಡೋದು?

ಹಾಗಾಗಿ ಪ್ರತಿ ಪಂಚಾಯತಿನಲ್ಲೂ ಹಳೇ ಅವಶೇಷ ಕಂಡ್ರೆ ಕೆಲಸ ನಿಲ್ಲಿಸಿ ಯಾರಿಗೆ ಫೋನ್ ಮಾಡಬೇಕು ಅಂತ ಮಲಯಾಳದ ಜೊತೆ ಕನ್ನಡದಲ್ಲೂ ಬೋರ್ಡ್ ಹಾಕಲಿ, ಜೆಸಿಬಿ ಡ್ರೈವರ್‌ಗಳಿಗೆ, ಕಲ್ಲಿನ ಕೋರೆಯವರಿಗೆ ಪುರಾತತ್ವ ಇಲಾಖೆಯಿಂದ ಒಂದು ದಿನದ ತರಬೇತಿ ಕೊಡಲಿ.

– ಓದುಗ, ಬದಿಯಡ್ಕ